ಷರಾ ಕಾಲಮ್ಮಿನ ಅಗಲ

ಯಾವ ಕಚೇರಿಯ ಯಾವ ನಮೂನೆಯನ್ನೇ ತೆಗೆದು ನೋಡಿ, ಬಲತುದಿಯಲ್ಲಿ ‘ಷರಾ’ ಎಂಬ ಒಂದು ಕಾಲಂ ಇದ್ದೇ ಇರುತ್ತದೆ. ಗೆರೆ ಎಳೆದವರು ಕ್ರಮಸಂಖ್ಯೆಗೆ, ಹೆಸರಿಗೆ, ದಿನಾಂಕಕ್ಕೆ ಧಾರಾಳವಾಗಿ ಜಾಗ ಕೊಟ್ಟು, ಕಾಗದ ಮುಗಿಯುವ ಹೊತ್ತಿಗೆ ಉಳಿದ ಎರಡು ಬೆರಳಗಲವನ್ನು ಇದಕ್ಕೆ ಬಿಟ್ಟಿರುತ್ತಾರೆ. ಬರೆಯುವವರ ಪಾಡೇ ಬೇರೆ. ಹೇಳಬೇಕೆನಿಸಿದ್ದೆಲ್ಲ ಅಲ್ಲಿಗೇ ಬಂದು ನಿಂತಿರುತ್ತದೆ. ಅಕ್ಷರ ಸಣ್ಣದಾಗುತ್ತ, ಸಾಲು ಬಾಗುತ್ತ, ಕೊನೆಗೆ ಅಂಚು ಹಿಡಿದು ಮೇಲಕ್ಕೆ ಹತ್ತತೊಡಗುತ್ತದೆ. ಅದನ್ನು ಓದಲು ಕಾಗದ ತಿರುಗಿಸಬೇಕು, ಇಲ್ಲವೇ ಕತ್ತು ತಿರುಗಿಸಬೇಕು. ನನಗೀಗ ಕತ್ತು ನೋವಿದೆ. ಕಾರಣ ಇದೇ ಇರಬೇಕೆಂದು ಡಾಕ್ಟರಿಗೆ ಹೇಳಿದೆ, ಅವರು ನಂಬಲಿಲ್ಲ.

ಷರಾ ಎನ್ನುವುದು ದಫ್ತರಗಳ ಜೊತೆಯಲ್ಲೇ ನಮ್ಮ ಕಡೆಗೆ ಬಂದ ಪರದೇಶದ ಪದವಂತೆ, ವಿವರಣೆ ಎಂದು ಅರ್ಥವಂತೆ. ಪದ ಹೊರಗಿನದಿರಬಹುದು, ಚಾಳಿ ಮಾತ್ರ ನಮ್ಮದೇ. ಹಳೆಯ ಶಾಸನಗಳನ್ನು ನೋಡಿ. ರಾಜನ ಬಿರುದುಗಳು ಅರ್ಧ ಕಲ್ಲನ್ನು ತುಂಬಿಕೊಂಡಿರುತ್ತವೆ. ಕಂಡರಿಸಿದವನ ಹೆಸರು ತಳದಲ್ಲಿ, ಮಣ್ಣಿನಲ್ಲಿ ಹೂತುಹೋಗುವಷ್ಟು ಕೆಳಗೆ ಇರುತ್ತದೆ. ಹಿರಿಯೂರಿನಿಂದ ನನ್ನಮ್ಮ ಬರೆಯುತ್ತಿದ್ದ ಇನ್‌ಲ್ಯಾಂಡ್ ಪತ್ರಗಳೂ ಹಾಗೆಯೇ. ಒಳಗಡೆ ಎಲ್ಲರ ಕ್ಷೇಮ, ಊರಿನ ಸೆಕೆ, ಪಕ್ಕದ ಮನೆಯವರ ಹೊಸ ಎಮ್ಮೆ. ಅಂಟು ಹಚ್ಚುವ ಮಡಿಕೆಯ ಮೇಲೆ, ಇರುವೆ ಸಾಲಿನಂಥ ಅಕ್ಷರದಲ್ಲಿ: ‘ನಿನ್ನ ತಂಗಿಯನ್ನು ನೋಡಿಕೊಂಡು ಹೋದರು, ಒಪ್ಪಿದ್ದಾರೆ.’ ಒಡೆಯುವಾಗ ಸ್ವಲ್ಪ ಎಚ್ಚರ ತಪ್ಪಿದ್ದರೆ ತಂಗಿಯ ಮದುವೆಯೇ ಹರಿದುಹೋಗುತ್ತಿತ್ತು.

ಇಷ್ಟೆಲ್ಲ ಬಲ್ಲವಳಾದ ನಾನು, ನನ್ನ ಕೈಯಾರೆ ಒಂದು ಷರಾ ಕಾಲಮ್ಮನ್ನು ಕತ್ತರಿಸಿದೆ. ಆ ಕತೆಯನ್ನೇ ಹೇಳಲು ಕೂತಿದ್ದೇನೆ.

ನಾವು ಇರುವುದು ತಿರುವನಂತಪುರದ ಉಳ್ಳೂರಿನಲ್ಲಿ. ನನ್ನ ಗಂಡ ಬ್ಯಾಂಕಿನವರು. ಮೂರು ವರ್ಷಕ್ಕೆಂದು ವರ್ಗವಾಗಿ ಬಂದೆವು. ಆಮೇಲೆ ವರ್ಗವೇ ನಮ್ಮನ್ನು ಮರೆಯಿತೋ, ನಾವೇ ಅದನ್ನು ಮರೆತೆವೋ ಗೊತ್ತಿಲ್ಲ. ಮಗಳು ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಮಲಯಾಳದಲ್ಲಿ ಉತ್ತರ ಕೊಡುವಷ್ಟು ದೊಡ್ಡವಳಾಗಿದ್ದಾಳೆ. ಬಂದ ಹೊಸದರಲ್ಲಿ ಪಕ್ಕದ ಮನೆಯಾಕೆ, “ವೆಳ್ಳಂ ವೇಣೋ?” ಎಂದು ಕೇಳಿದಾಗ ನನಗೆ ಕಣ್ಣು ತುಂಬಿ ಬಂದಿತ್ತು. ಬಿಸಿಲಲ್ಲಿ ಬಂದವರಿಗೆ ಬೆಲ್ಲ ಕೊಡುವುದು ನಮ್ಮ ಕಡೆಯ ಪದ್ಧತಿ. ಇಷ್ಟು ದೂರ ಬಂದರೂ ಬೆಲ್ಲ ಬೇಕೇ ಎಂದು ಕೇಳುವವರಿದ್ದಾರಲ್ಲ ಎಂದುಕೊಂಡು ತಲೆಯಾಡಿಸಿದೆ. ಆಕೆ ಒಂದು ಲೋಟ ನೀರು ತಂದುಕೊಟ್ಟಳು. ಮಲಯಾಳದಲ್ಲಿ ವೆಳ್ಳಂ ಎಂದರೆ ನೀರು. ಬೆಲ್ಲ ಇನ್ನೇನು ಬರುತ್ತದೆ ಎಂದು ನಾನು ಬಹಳ ಹೊತ್ತು ಲೋಟ ಹಿಡಿದು ಕೂತಿದ್ದೆ.

ಮುಂದೆ ನೀರೇ ನನ್ನ ಹೊಟ್ಟೆಪಾಡಾಯಿತು. ಬಾವಿಗಳ ನೀರಿನ ಮಟ್ಟವನ್ನು ದಾಖಲಿಸುವ ಒಂದು ಸಣ್ಣ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಇಲ್ಲಿ ಮನೆಗೊಂದು ಬಾವಿ. ಅವುಗಳಲ್ಲಿ ಆಯ್ದ ಕೆಲವಕ್ಕೆ ನಮ್ಮವರು ತಿಂಗಳಿಗೊಮ್ಮೆ ಹೋಗುತ್ತಾರೆ. ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಕೆಳಗೆ ಬಿಡುತ್ತಾರೆ. ಮೇಲೆಳೆದಾಗ ಸುಣ್ಣ ಎಲ್ಲಿಯವರೆಗೆ ನೆನೆದಿದೆಯೆಂದು ನೋಡಿ ಮಟ್ಟ ಬರೆದುಕೊಳ್ಳುತ್ತಾರೆ. ಆ ಅಂಕಿಗಳನ್ನು ಕಂಪ್ಯೂಟರಿಗೆ ಸೇರಿಸುವುದು ನಮ್ಮ ಕೆಲಸ. ತೆಂಕಣ ಜಿಲ್ಲೆಗಳದ್ದು ತಿರುವನಂತಪುರದಲ್ಲಿ ನಾನು; ಕೊಚ್ಚಿಯ ಸುತ್ತಮುತ್ತಲಿನದ್ದು ಅಲ್ಲಿನ ಶಾಖೆಯಲ್ಲಿ ಲಿಸಿ ಚೇಚಿ. ನನಗಿಂತ ಹನ್ನೆರಡು ವರ್ಷ ದೊಡ್ಡವರು. ಆದ್ದರಿಂದ ಅವರು ನನಗೆ ಚೇಚಿ, ಅಂದರೆ ಅಕ್ಕ. ನಾನು ಅವರಿಗೆ ‘ಮೋಳೇ’, ಮಗಳೇ.

ಇಷ್ಟೂ ಬಾವಿಗಳು ಒಂದೇ ಒಂದು ಫೈಲಿನಲ್ಲಿದ್ದವು. ಮೂರು ದಿನದ ತರಬೇತಿ ಮುಗಿಸಿ ಬಂದ ಉತ್ಸಾಹದಲ್ಲಿ ನಾನೇ ಕಟ್ಟಿದ ಡೇಟಾಬೇಸ್ ಅದು. ಗಿಳಿಹಸಿರು ಪರದೆ, ಸುತ್ತ ಕೆಂಪು ಅಂಚು. ನೋಡಿದವರಿಗೆ ನನ್ನ ಮದುವೆಯ ಸೀರೆ ನೆನಪಾಗಬೇಕು. ಅದು ಒಬ್ಬರ ಮೇಜಿನ ಮೇಲೆ, ಒಂದು ಕಂಪ್ಯೂಟರಿನಲ್ಲಿ ಕೂತು ಕೆಲಸ ಮಾಡುವ ಜಾತಿಯದು. ಎರಡೂರಿನಲ್ಲಿ ಇಬ್ಬರು ಒಟ್ಟಿಗೆ ತೆರೆಯುವಂತಿಲ್ಲ. ಹಾಗಾಗಿ ನಾನು ಬೆಳಿಗ್ಗೆ ನನ್ನ ಬಾವಿಗಳನ್ನು ಸೇರಿಸಿ, ಹನ್ನೆರಡೂವರೆಗೆ ಫೈಲನ್ನು ಮೇಲ್‌ನಲ್ಲಿ ಕೊಚ್ಚಿಗೆ ಕಳಿಸಿ, ಫೋನ್ ಮಾಡುತ್ತಿದ್ದೆ: “ಚೇಚಿ, ಕಳಿಸಿದೆ. ಇನ್ನು ನಾನು ಮುಟ್ಟೋದಿಲ್ಲ.” ಸಂಜೆ ಅವರು ತಮ್ಮದನ್ನು ಸೇರಿಸಿ ಹಿಂದಕ್ಕೆ ಕಳಿಸಿ ಫೋನ್ ಮಾಡುತ್ತಿದ್ದರು: “ಮೋಳೇ, ಬಂತಾ? ಇನ್ನು ನಾನು ಕೈ ತೊಳ್ಕೊಂಡೆ.” ಮಾತೆಲ್ಲ ಮಲಯಾಳದಲ್ಲಿ, ನನ್ನ ಕಿವಿ ಅದನ್ನು ಕನ್ನಡ ಮಾಡಿ ಇಟ್ಟುಕೊಂಡಿರುವುದರಿಂದ ಹಾಗೇ ಬರೆಯುತ್ತಿದ್ದೇನೆ. ಒಂದು ಸೋಮವಾರ ಮಾತ್ರ ಇಬ್ಬರೂ ಮರೆತು ಒಂದೇ ಹೊತ್ತಿಗೆ ತೆರೆದು ಬರೆದುಬಿಟ್ಟೆವು. ಸಂಜೆಗೆ ಫೈಲುಗಳು ಎರಡಾಗಿದ್ದವು, ಎರಡೂ ತಾನೇ ನಿಜ ಎನ್ನುತ್ತಿದ್ದವು. ಅವನ್ನು ಒಂದು ಮಾಡಲು ಎರಡು ದಿನ ಫೋನಿನಲ್ಲಿ ಸಾಲು ಸಾಲಾಗಿ ಓದಿ ಹೇಳಿಕೊಂಡೆವು. ಆ ಎರಡು ದಿನದಲ್ಲಿ ನನ್ನ ಮಲಯಾಳ ಎರಡು ವರ್ಷದಷ್ಟು ಬೆಳೆಯಿತು.

ಒಂಬತ್ತು ವರ್ಷ ಹೀಗೆ ನಡೆಯಿತು. ಒಂಬತ್ತು ವರ್ಷದಲ್ಲಿ ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಮ್ಮೆ ಅವರು ತಿರುವನಂತಪುರಕ್ಕೆ ಬಂದಾಗ ನಾನು ಊರಿಗೆ ಹೋಗಿದ್ದೆ. ನನಗೆ ಕೊಚ್ಚಿಗೆ ಹೋಗುವ ಕೆಲಸ ಬೀಳಲಿಲ್ಲ. ದಪ್ಪ ದನಿ ಅವರದು. ಎತ್ತರದ, ಅಗಲ ಭುಜದ ಹೆಂಗಸು ಇರಬೇಕು ಎಂದು ನಾನೇ ಚಿತ್ರ ಬರೆದುಕೊಂಡಿದ್ದೆ.

ಆದರೆ ಅವರ ಷರಾಗಳನ್ನು ಮಾತ್ರ ದಿನಾ ಓದುತ್ತಿದ್ದೆ. ಮಂಡಿನೋವು ಶುರುವಾಗುವವರೆಗೆ ಲಿಸಿ ಚೇಚಿಯೇ ಟೇಪು ಹಿಡಿದು ಮನೆಮನೆ ತಿರುಗಿದವರು. ಆಮೇಲೆ ಅಳತೆಗೆ ಹೋದವರು ಫೋನಿನಲ್ಲಿ ಅಂಕಿ ಹೇಳಿ ಮುಗಿಸಿದರೆ ಇವರು ಬಿಡುತ್ತಿರಲಿಲ್ಲ, ಅಲ್ಲಿನದೆಲ್ಲ ಕೇಳಿ ತಿಳಿದುಕೊಂಡು ಇಂಗ್ಲಿಷ್ ಅಕ್ಷರದಲ್ಲಿ ಮಲಯಾಳ ಬರೆಯುತ್ತಿದ್ದರು. ವೈಪಿನ್‌ನ ಒಂದು ಬಾವಿಗೆ: ‘ಮೇ ತಿಂಗಳಲ್ಲಿ ಈ ನೀರು ಉಪ್ಪು. ಮನೆಯವರು ಒಪ್ಪುವುದಿಲ್ಲ. ಚಹಾ ಕೊಟ್ಟರೆ ಕುಡಿದು ನೋಡಿ, ತಿಳಿಯುತ್ತದೆ.’ ಇನ್ನೊಂದಕ್ಕೆ: ‘ಕಟ್ಟೆಯ ಮೇಲೆ ಬೆಕ್ಕು ಮಲಗಿರುತ್ತದೆ. ಟೇಪು ಬಿಡುವ ಮೊದಲು ಎಬ್ಬಿಸಿ. ಎದ್ದರೂ ಹೋಗುವುದಿಲ್ಲ, ನೋಡುತ್ತ ಕೂರುತ್ತದೆ.’ ಮತ್ತೊಂದಕ್ಕೆ: ‘ಈ ಬಾವಿಯಲ್ಲಿ ಒಂದು ಆಮೆ ಇದೆ. ಅಜ್ಜನ ಕಾಲದ್ದಂತೆ. ನೀರು ಏರಿದಾಗ ಮೇಲೆ ಬಂದು ನಮ್ಮನ್ನು ನೋಡಿ, ನಾವು ಬೇರೆಯವರು ಅಂತ ಗೊತ್ತಾಗಿ ಕೆಳಗೆ ಹೋಗುತ್ತದೆ.’ ಇದನ್ನು ಓದಿ ನಾನು ಫೋನಿನಲ್ಲೇ ಬಿದ್ದು ಬಿದ್ದು ನಕ್ಕಿದ್ದೆ. ಮಧ್ಯಾಹ್ನದ ಊಟವಾದ ಮೇಲೆ ಫ್ಯಾನಿನ ಕೆಳಗೆ ಕೂತು ಈ ಸಾಲುಗಳನ್ನು ಓದುತ್ತಿದ್ದರೆ, ಕಣ್ಣು ಅರ್ಧ ಮುಚ್ಚುತ್ತಿತ್ತು. ನಾನು ಕಂಡೇ ಇರದ ಅಂಗಳಗಳಲ್ಲಿ, ಹಲಸಿನ ನೆರಳಿನಲ್ಲಿ, ಪಾಚಿ ಹಿಡಿದ ಕಟ್ಟೆಗಳ ನಡುವೆ ನಡೆದಾಡಿ ಬರುತ್ತಿದ್ದೆ. ಕೊಚ್ಚಿಯ ಒಂದು ಬೀದಿಯೂ ನನಗೆ ಗೊತ್ತಿರಲಿಲ್ಲ, ಹಿತ್ತಲುಗಳು ಮಾತ್ರ ಗೊತ್ತಿದ್ದವು.

ಕಳೆದ ವರ್ಷ ಆದೇಶ ಬಂತು. ಇನ್ನು ಮೇಲೆ ಎಲ್ಲ ದಾಖಲೆಯೂ ಸರ್ವರಿಗೆ ಹೋಗಬೇಕು. ಫೈಲು ಕಳಿಸುವುದು, ಕಾಯುವುದು, ಕೈ ತೊಳೆಯುವುದು ಯಾವುದೂ ಇಲ್ಲ. ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ, ಒಟ್ಟಿಗೇ ತೆರೆಯಬಹುದು. ಕಳಕ್ಕೂಟಂನ ಒಂದು ಕಂಪನಿಯಿಂದ ರೆಮ್ಯ ಎಂಬ ಎಂಜಿನಿಯರ್ ಬಂದಳು. ಮೂವತ್ತೈದರ ಆಸುಪಾಸು, ಸ್ಕೂಟರು, ಬೆನ್ನಿಗೆ ಚೀಲ, ಮೆಲುಮಾತು. ನನ್ನ ಗಿಳಿಹಸಿರು ಪರದೆಯನ್ನು ನೋಡಿ ಒಂದು ಕ್ಷಣ ಸುಮ್ಮನಿದ್ದು, “ಚೆನ್ನಾಗಿದೆ ಮೇಡಂ” ಎಂದಳು. ಆ ಒಂದು ಕ್ಷಣವನ್ನು ನಾನಿನ್ನೂ ಮರೆತಿಲ್ಲ.

ಅನಂತರದ ದಿನಗಳು ನನ್ನ ಬೀರುವನ್ನು ಹೊಸಬರೊಬ್ಬರು ತೆಗೆದು ಜೋಡಿಸಿದಂತಿದ್ದವು. ಆಲಪ್ಪುಳವನ್ನು ನಾನು ಆರು ಬಗೆಯಲ್ಲಿ ಬರೆದಿದ್ದೆ. ಒಂದು ಬಾವಿಯನ್ನು ಮುಂದಿನ ಶತಮಾನದಲ್ಲಿ ಅಳೆದಿದ್ದೆ. ಒಂದು ಬೆಳಿಗ್ಗೆ ರೆಮ್ಯ ಬಹಳ ಸಂಕೋಚದಿಂದ ಕೇಳಿದಳು:

“ಮೇಡಂ, ಈ ‘ಉಪ್ಪಿಟ್ಟು’ ಅನ್ನೋದರ ಪೂರ್ತಿ ರೂಪ ಏನು? ನಮ್ಮ ಟೀಮಲ್ಲಿ ಎಲ್ಲರೂ ಹುಡುಕಿದ್ವಿ, ಸಿಗಲಿಲ್ಲ.”

ಮುಚ್ಚಿಹೋದ ಬಾವಿಗಳ ಪಟ್ಟಿಗೆ ನಾನಿಟ್ಟ ಹೆಸರು ಅದು. ಅಂದು ಡಬ್ಬಿಯಲ್ಲಿ ಉಪ್ಪಿಟ್ಟಿತ್ತು, ತಾತ್ಕಾಲಿಕಕ್ಕೆ ಇರಲಿ ಎಂದು ಹಾಗೆ ಕರೆದಿದ್ದೆ. ಆ ಉಪ್ಪಿಟ್ಟನ್ನು ತೆಗೆದರೆ ಇಡೀ ಡೇಟಾಬೇಸ್ ನಿಂತುಹೋಗುತ್ತಿತ್ತು. ನಿಜ ಹೇಳಿದೆ. ಅವಳು ಗಂಭೀರವಾಗಿ ಬರೆದುಕೊಂಡಳು.

ಹೀಗೆ ನಗುನಗುತ್ತಲೇ ನಡೆಯುತ್ತಿದ್ದಾಗ ಒಂದು ಪ್ರದರ್ಶನ ಏರ್ಪಾಡಾಯಿತು. ಹೊರಗಿನಿಂದ ಒಬ್ಬ ಹಿರಿಯ ಅಧಿಕಾರಿ ಬಂದಿದ್ದರು. ಗೋಡೆಯ ಮೇಲೆ ನನ್ನ ಪರದೆ ದೊಡ್ಡದಾಗಿ ಬಿತ್ತು. ತೆರೆದುಕೊಂಡದ್ದು ಅದೇ ಬೆಕ್ಕಿನ ಬಾವಿ. ಅಧಿಕಾರಿ ಪಕ್ಕದವರಿಂದ ಅರ್ಥ ಕೇಳಿ ತಿಳಿದುಕೊಂಡು, “ಬೆಕ್ಕಿನ ಬಗ್ಗೆಯೂ ಮಾಹಿತಿ ಸಂಗ್ರಹ ಮಾಡುತ್ತೀರಾ?” ಎಂದರು. ಸುತ್ತ ಇದ್ದವರು ನಕ್ಕರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಈಗ ಯೋಚಿಸಿದರೆ ಹಾಗೆಯೇ ಅನಿಸುತ್ತದೆ. ಆದರೆ ಅಂದು ನನ್ನ ಕಿವಿ ಬಿಸಿಯಾಯಿತು. ಇನ್ನು ಇದು ಸರ್ವರಿನಲ್ಲಿರುತ್ತದೆ, ದೇಶದ ಯಾವ ಮೂಲೆಯಲ್ಲಾದರೂ ಯಾರಾದರೂ ತೆರೆದು, ಈ ಕಚೇರಿಯವರು ಬೆಕ್ಕು ಆಮೆಗಳ ಪುರಾಣ ಬರೆದುಕೊಂಡು ಕೂತಿದ್ದಾರೆ ಎಂದು ನಗುತ್ತಾರೆ ಎಂದು ತೋರಿತು. ಒಳಗೆ ನಾವಿಬ್ಬರೇ ಇದ್ದಾಗ ಮುದ್ದಾಗಿದ್ದದ್ದು ಬೆಳಕಿಗೆ ಬಂದಾಗ ನನಗೆ ನಾಚಿಕೆಯಾಯಿತು.

ಎರಡು ದಿನದ ಮೇಲೆ ರೆಮ್ಯ ಕೇಳಿದಳು. “ಮೇಡಂ, ಷರಾ ಕಾಲಂ ಎಷ್ಟು ಉದ್ದ ಇಡಲಿ? ನಾವು ಸಾಮಾನ್ಯವಾಗಿ ಇಡೋದು ಇನ್ನೂರೈವತ್ತೈದು ಅಕ್ಷರ. ಆದ್ರೆ ಕೊಚ್ಚಿಯವು ಕೆಲವು ಅದಕ್ಕಿಂತ ಉದ್ದ ಇದಾವೆ. ಕಟ್ ಆಗುತ್ತೆ.”

“ಅಷ್ಟು ಸಾಕು,” ಎಂದೆ. “ಬಾವಿಗೆ ಅದಕ್ಕಿಂತ ಹೆಚ್ಚು ಮಾತು ಯಾಕೆ? ಕಟ್ ಆಗ್ಲಿ.”

ಲಿಸಿ ಚೇಚಿಗೆ ಹೇಳಲಿಲ್ಲ. ಅಂದು ಹನ್ನೆರಡೂವರೆಗೆ ಫೋನ್ ಮಾಡಿ ಮಾಮೂಲಿನಂತೆ, ಕಳಿಸಿದೆ ಚೇಚಿ ಎಂದೆ, ಅಷ್ಟೆ.

ಹೊಸ ವ್ಯವಸ್ಥೆ ಶುರುವಾಗುವ ದಿನ ಕೊಚ್ಚಿಯಲ್ಲಿ ಇರಬೇಕೆಂದು ನನಗೂ ರೆಮ್ಯಳಿಗೂ ಹೇಳಿದರು. ನಸುಕಿನ ರೈಲು. ವರ್ಕಲ ದಾಟಿ, ಪರವೂರಿನ ಹತ್ತಿರ ಹಿನ್ನೀರಿನ ಮೇಲೆ ರೈಲು ಹೋಗುವಾಗ ಎರಡೂ ಕಡೆ ಬರೀ ಬೆಳ್ಳನೆಯ ಬೆಳಗು; ನೀರು ಯಾವುದು, ಆಕಾಶ ಯಾವುದು ಎಂದು ಬೇರೆ ಮಾಡಲಾಗಲಿಲ್ಲ. ಆಮೇಲೆ ಹಿತ್ತಲುಗಳು ಬಂದವು. ಒಂದರ ಹಿಂದೆ ಒಂದು ಬಾವಿ: ಬಲೆ ಹೊದ್ದದ್ದು, ಬಣ್ಣ ಬಳಿದದ್ದು, ಬಟ್ಟೆ ಒಣಗಲು ಹಾಕಿದ್ದು. ರೆಮ್ಯ ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟುಕೊಂಡು ತೂಕಡಿಸುತ್ತಿದ್ದಳು. ಇಷ್ಟೂ ಬಾವಿಗಳು ಅವಳ ಮಡಿಲಲ್ಲಿವೆ ಎಂದು ನನಗೆ ಅರೆನಿದ್ದೆಯಲ್ಲಿ ಅನಿಸುತ್ತಿತ್ತು. ಎಲ್ಲಿ ತುಳುಕುತ್ತವೋ ಎಂದು ಒಮ್ಮೆ ಬೆಚ್ಚಿಬಿದ್ದು ಎದ್ದೆ.

ಕೊಚ್ಚಿಯ ಶಾಖೆಯ ಬಾಗಿಲಲ್ಲಿ ನಾನು ಆ ಎತ್ತರದ ಹೆಂಗಸನ್ನು ಹುಡುಕುತ್ತಿದ್ದೆ. “ಮೋಳೇ!” ಎಂಬ ದಪ್ಪ ದನಿ ನನ್ನ ಭುಜಕ್ಕಿಂತ ಕೆಳಗಿನಿಂದ ಬಂತು. ಲಿಸಿ ಚೇಚಿ ಗುಬ್ಬಚ್ಚಿಯಂಥ ಹೆಂಗಸು. ಕುರ್ಚಿಯಲ್ಲಿ ಕೂತರೆ ಕಾಲು ನೆಲ ಮುಟ್ಟುವುದಿಲ್ಲ; ಕೆಳಗೊಂದು ಹಳೆಯ ಪ್ರಿಂಟರಿನ ಪೆಟ್ಟಿಗೆ ಇಟ್ಟುಕೊಂಡಿದ್ದರು. ಅವರೂ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ನೀನು ದಪ್ಪ ಇರ್ತೀಯ ಅಂದ್ಕೊಂಡಿದ್ದೆ” ಎಂದರು. ನಾನು ಮಾಂಸ ಮೀನು ತಿನ್ನುವುದಿಲ್ಲವೆಂದು ನೆನಪಿಟ್ಟುಕೊಂಡು ಮನೆಯಿಂದ ಮರಗೆಣಸು ಬೇಯಿಸಿ ಚಟ್ನಿ ಮಾಡಿ ತಂದಿದ್ದರು.

ಹತ್ತು ಗಂಟೆಗೆ ಹೊಸ ಪರದೆ ತೆರೆಯಿತು. ಬಿಳಿ ಬಣ್ಣ, ಬೂದು ಅಂಚು. ಚೇಚಿ ಕನ್ನಡಕ ಏರಿಸಿಕೊಂಡು ಒಂದು ಬಾವಿ ತೆಗೆದರು. ಅಂಗಮಾಲಿಯ ಕಡೆಯದು. ಷರಾ ಓದತೊಡಗಿದರು, ತಾವೇ ಬರೆದದ್ದನ್ನು ತುಟಿಯಲ್ಲೇ ಓದುವವರ ಹಾಗೆ: ‘ಈ ಮನೆಯ ಅಪ್ಪಚ್ಚನ್‌ಗೆ ಕಿವಿ ಮಂದ. ಗೇಟು ಬಡಿಯಬೇಡಿ, ಜಾಯಿಕಾಯಿ ಮರದ ಪಕ್ಕದ ಕಿರುಬಾಗಿಲಿಂದ ಹೋಗಿ. ಬಿದ್ದ ಕಾಯಿ ತುಳಿಯಬೇಡಿ, ಅವರಿಗೆ ಬೇಜಾರಾಗುತ್ತದೆ. ಎರಡು ಆರಿಸಿ ಕೈಗೆ ಕೊಟ್ಟರೆ ಖುಷಿ. ಬಾವಿಯ ವಡಕ್ಕು ಭಾ’

ಅಲ್ಲಿಗೆ ನಿಂತಿತು. ಚೇಚಿ ಮೌಸನ್ನು ಕೆಳಗೆ ಎಳೆದರು, ಪಕ್ಕಕ್ಕೆ ಎಳೆದರು.

“ಉಳಿದದ್ದೆಲ್ಲಿ?”

ಚೇಚಿ ಗಡಿಯಾರ ನೋಡಿದರು. ಅವರ ಮುಖದ ಬಣ್ಣ ಹೋಯಿತು.

“ಶೀಬಾ ಇವತ್ತು ಅಲ್ಲಿಗೇ ಹೋಗಿರೋದು. ಹೊಸಬಳು. ನಿನ್ನೆ ಸಂಜೆ ಪರೀಕ್ಷೆಗೆ ಅಂತ ಇದನ್ನ ತೆರೆದಿದ್ರಲ್ಲ, ಆಗ ಇದರಿಂದಲೇ ಪ್ರಿಂಟ್ ತಗೊಂಡು ಹೋದ್ಲು.”

ವಡಕ್ಕು ಎಂದರೆ ನಮ್ಮ ಬಡಗು, ಉತ್ತರ. ಕತ್ತರಿಸಿ ಹೋದ ಸಾಲು ಇದು: ಬಾವಿಯ ಉತ್ತರ ಭಾಗದ ಕಟ್ಟೆ ಸಡಿಲವಾಗಿದೆ, ಕೆಳಗೆ ಮಣ್ಣು ಕುಸಿದಿದೆ, ಆ ಕಡೆ ಕಾಲಿಡಬೇಡಿ, ಒರಗಬೇಡಿ.

ಚೇಚಿ ಶೀಬಾಳಿಗೆ ಫೋನ್ ಮಾಡಿದರು. ಸಿಗಲಿಲ್ಲ. ಮತ್ತೆ ಮಾಡಿದರು. ಆ ಮನೆಯ ಫೋನ್ ನಂಬರ್? ಅದೂ ಷರಾದಲ್ಲೇ ಇತ್ತು, ಎಲ್ಲಕ್ಕಿಂತ ಕೊನೆಯಲ್ಲಿ. ರೆಮ್ಯ ಮರುಮಾತಿಲ್ಲದೆ ತನ್ನ ಲ್ಯಾಪ್‌ಟಾಪಿನಲ್ಲಿ ಹಳೆಯ ಫೈಲನ್ನು ತೆರೆದಳು. ನನ್ನ ಗಿಳಿಹಸಿರು ಪರದೆ ತನ್ನ ಎಂದಿನ ನಿಧಾನದಲ್ಲಿ, ಒಂದೊಂದೇ ಗೆರೆಯಾಗಿ ಮೂಡತೊಡಗಿತು. ಅಷ್ಟು ಹೊತ್ತು ನಾನು ಏನು ಮಾಡುತ್ತಿದ್ದೆನೆಂದು ನನಗೆ ನೆನಪಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಬಿಳಿಚಿಕೊಂಡಿತ್ತು, ಅದು ನೆನಪಿದೆ.

ನಂಬರ್ ಸಿಕ್ಕಿತು. ಎತ್ತಿದ್ದು ಅಪ್ಪಚ್ಚನ್, ಆ ಮನೆಯ ಅಜ್ಜ.

“ಶೀಬಾ ಬಂದಿದಾಳಾ?” ಚೇಚಿ ಕೂಗಿದರು.

“ಏ?”

“ಬಾವಿ! ಬಾವಿ ಅಳೆಯೋಕೆ ಬಂದ ಹುಡುಗಿ!”

“ಬಾವಿಯಾ? ನೀರು ಚೆನ್ನಾಗಿದೆ.”

“ವಡಕ್ಕು ಕಡೆ ನಿಲ್ಲಬೇಡ ಅಂತ ಹೇಳಿ! ವಡಕ್ಕು!”

“ಏ?”

ಆ ಎರಡನೆಯ ‘ಏ’ಗೂ ಮುಂದಿನ ಮಾತಿಗೂ ನಡುವೆ ಎಷ್ಟು ಹೊತ್ತಾಯಿತೋ. ಆಮೇಲೆ ಹೆಣ್ಣುದನಿ ಕೇಳಿಸಿತು. “ಚೇಚೀ, ನಾನು ಶೀಬಾ. ಫೋನ್ ಚೀಲದಲ್ಲಿತ್ತು. ಅಳೆದಾಯ್ತು. ವಡಕ್ಕು ಕಡೆ ಅಪ್ಪಚ್ಚನ್ ತೆಂಗಿನ ಗರಿ ಅಡ್ಡ ಹಾಕಿದಾರೆ, ನನ್ನನ್ನ ಕೈ ಹಿಡಿದು ಈ ಕಡೆಗೆ ಕರ್ಕೊಂಡು ಬಂದ್ರು. ಯಾಕೆ ಚೇಚಿ, ಏನಾಯ್ತು?”

ಏನೂ ಆಗಿರಲಿಲ್ಲ. ಚೇಚಿ ಫೋನನ್ನು ಮೆಲ್ಲಗೆ ಕೆಳಗಿಟ್ಟು, ಪ್ರಿಂಟರಿನ ಪೆಟ್ಟಿಗೆಯ ಮೇಲೆ ಕಾಲಿಟ್ಟು, ಕಣ್ಣು ಮುಚ್ಚಿಕೊಂಡರು. ರೆಮ್ಯ ಹೇಳಿದಳು, “ಸಾರಿ ಚೇಚಿ. ಅದು ಸಿಸ್ಟಮ್ಮಿನ ಮಾಮೂಲಿ ಅಳತೆ. ನಾನು ಗಮನಿಸಬೇಕಿತ್ತು.”

ಅವಳು ನನ್ನ ಕಡೆ ನೋಡಲಿಲ್ಲ. ಅವಳಷ್ಟಕ್ಕೆ ಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಸಿಸ್ಟಮ್ ಎಂಬುದು ಎಷ್ಟು ಅನುಕೂಲದ ಪದ. ಅದರ ಮೈಮೇಲೆ ಎಷ್ಟು ತಪ್ಪು ಹೊರಿಸಿದರೂ ತುಟಿ ಬಿಚ್ಚುವುದಿಲ್ಲ. ನಾನೂ ಒಂದು ಗಳಿಗೆ ಸುಮ್ಮನೆ ಕೂತೆ. ಆ ಗಳಿಗೆಯ ಬಗ್ಗೆ ನನಗೆ ಹೆಮ್ಮೆಯಿಲ್ಲ.

“ರೆಮ್ಯಳ ತಪ್ಪಲ್ಲ ಚೇಚಿ,” ಎಂದೆ ಕೊನೆಗೆ. “ಅವಳು ಕೇಳಿದ್ಲು. ಕಟ್ ಆಗ್ಲಿ ಅಂದಿದ್ದು ನಾನೇ.”

“ಎಂದಿನಾ ಮೋಳೇ?” ಯಾಕೆ ಎಂದು ಕೇಳಿದರು, ಅಷ್ಟೆ.

ಪ್ರದರ್ಶನದ ಸಂಗತಿ, ಬೆಕ್ಕು, ಜನ ನಕ್ಕಿದ್ದು, ಎಲ್ಲ ಹೇಳಿದೆ. ಮಲಯಾಳದಲ್ಲಿ ನಾಚಿಕೆ ಎನ್ನುವುದಕ್ಕೆ ಸರಿಯಾದ ಪದ ಆ ಹೊತ್ತಿಗೆ ಬಾಯಿಗೆ ಬರದೆ ಕನ್ನಡದಲ್ಲೇ ಹೇಳಿದೆ. ಅದು ಅವರಿಗೆ ತಿಳಿಯಿತು. ಚೇಚಿ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಕೆಳಗೆ ಮೆಟ್ರೊ ಕಂಬಗಳ ನೆರಳಿನಲ್ಲಿ ಬಸ್ಸುಗಳು ಸಾಲಾಗಿ ನಿಂತಿದ್ದವು. ಅವರು ನನಗೆ ಬೆನ್ನು ಹಾಕಿಕೊಂಡೇ ಮಾತಾಡಿದರು.

“ನಾನು ಕಚೇರಿಗೋಸ್ಕರ ಅಷ್ಟುದ್ದ ಬರೀತಿದ್ದೆ ಅಂದ್ಕೊಂಡಿದ್ಯಾ? ಕಚೇರಿಗಾದ್ರೆ ‘ಕಟ್ಟೆ ಸಡಿಲ’ ಅಂತ ಎರಡು ಮಾತು ಸಾಕಿತ್ತು. ನೀನು ಸೇರಿದ ಹೊಸದ್ರಲ್ಲಿ ಫೋನಲ್ಲಿ ನಿನ್ನ ದನಿ ಕೇಳಿದ್ರೆ ಈಗಷ್ಟೇ ಅತ್ತು ಬಂದವಳ ಹಾಗೆ ಇರ್ತಿತ್ತು. ಭಾಷೆ ಬರಲ್ಲ, ಊರು ದೂರ. ಒಂದಿನ ಆ ಆಮೆ ವಿಷಯಕ್ಕೆ ನಕ್ಕೆ ನೋಡು. ಅವತ್ತಿನಿಂದ ಸ್ವಲ್ಪ ಉದ್ದ ಬರೆಯೋಕೆ ಶುರು ಮಾಡಿದೆ. ನೀನು ಓದ್ತೀಯ ಅಂತ.”

ಒಂಬತ್ತು ವರ್ಷ ನನ್ನ ಹೆಸರಿಗೆ ಬರುತ್ತಿದ್ದ ಪತ್ರಗಳು ಅವು. ವಿಳಾಸ ಇರಲಿಲ್ಲವೆಂದು ನಾನು ಅವನ್ನು ದಾಖಲೆ ಎಂದುಕೊಂಡಿದ್ದೆ. ಅಳು ಬಂತು, ಅತ್ತೆ. ರೆಮ್ಯ ಬಹಳ ಶ್ರದ್ಧೆಯಿಂದ ಕೀಬೋರ್ಡ್ ನೋಡುತ್ತಿದ್ದಳು.

ಚೇಚಿ ತಿರುಗಿ, “ಸಾರಮಿಲ್ಲ” ಎಂದರು. ಮಲಯಾಳದವರು ದಿನಕ್ಕೆ ನೂರು ಸಲ ಹೇಳುವ ಮಾತು ಅದು: ಪರವಾಗಿಲ್ಲ, ಬಿಡು. ನನ್ನ ಕನ್ನಡದ ಕಿವಿಗೆ ಮಾತ್ರ ಅದು ಯಾವಾಗಲೂ ಸಾರವಿಲ್ಲ ಎಂದು ಕೇಳಿಸುತ್ತದೆ. ಅಂದು ಅವರ ದನಿಯಲ್ಲಿ ಎರಡು ಅರ್ಥವೂ ಸ್ವಲ್ಪ ಸ್ವಲ್ಪ ಇದ್ದ ಹಾಗಿತ್ತು. ಬಡಿಸಿಕೊಟ್ಟ ಮರಗೆಣಸನ್ನು ಇಬ್ಬರೂ ತಿಂದೆವು. ಚಟ್ನಿಗೆ ಖಾರ ಜಾಸ್ತಿಯಾಗಿದೆ ಎಂದು ಅವರೇ ಹೇಳಿದರು.

ರೆಮ್ಯ ಕಾಲಮ್ಮಿನ ಅಗಲವನ್ನು ಬದಲಿಸಿ, ಹಳೆಯ ಫೈಲಿನಿಂದ ಷರಾಗಳನ್ನೆಲ್ಲ ಮತ್ತೆ ತುಂಬಿದಳು. ಅದಕ್ಕೆ ಹಿಡಿದದ್ದು ಒಂದು ಗಂಟೆ. “ಈಗ ಎಷ್ಟುದ್ದ ಬರೀಬಹುದು?” ಎಂದು ಚೇಚಿ ಕೇಳಿದರು.

“ಎಷ್ಟು ಬೇಕಾದ್ರೂ ಚೇಚಿ. ಒಂದು ಕಾದಂಬರಿ ಬರೆದ್ರೂ ಹಿಡಿಸುತ್ತೆ.”

“ಅಯ್ಯೋ, ಬರೆಯೋಕೆ ನನಗೆಲ್ಲಿ ಪುರುಸೊತ್ತು,” ಎಂದರು ಚೇಚಿ. ಅವರು ನಕ್ಕಿದ್ದು ಆ ದಿನ ಅದೇ ಮೊದಲು.

ತಿರುವನಂತಪುರಕ್ಕೆ ಮರಳಿದ ಮೇಲೆ ಸರ್ವರ್ ಸೊಗಸಾಗಿ ನಡೆಯಿತು. ಫೈಲು ಕಳಿಸುವುದಿಲ್ಲ, ಕಾಯುವುದಿಲ್ಲ. ಹನ್ನೆರಡೂವರೆ ಬರುತ್ತಿತ್ತು, ಹೋಗುತ್ತಿತ್ತು. ಫೋನ್ ಮಾಡಲು ಕಾರಣವೇ ಇರಲಿಲ್ಲ. ಕಾರಣವಿಲ್ಲದೆ ಮಾಡುವ ಧೈರ್ಯ ನನಗೂ ಇರಲಿಲ್ಲ. ಮಾಡಿ ಏನು ಹೇಳಲಿ, ಇನ್ನು ನಾನು ಮುಟ್ಟುವುದಿಲ್ಲ ಎಂದೇ? ಚೇಚಿಯ ಹೊಸ ಷರಾಗಳನ್ನು ತೆರೆದು ನೋಡುತ್ತಿದ್ದೆ. ‘ಸರಿಯಿದೆ.’ ‘ಬೀಗ ಹಾಕಿತ್ತು.’ ‘ಸರಿಯಿದೆ.’ ಎಷ್ಟು ಬೇಕಾದರೂ ಬರೆಯಬಹುದಾದ ಜಾಗದಲ್ಲಿ ಒಂದೊಂದು ಮಾತು. ಮನೆಯಲ್ಲಿ ನಾನು ಮಂಕಾಗಿರುವುದನ್ನು ಕಂಡು ಮಗಳು ಕಾರಣ ಕೇಳಿದಳು, ಹೇಳಿದೆ. “ಅಮ್ಮ ಎಂದೆಂಗಿಲುಂ ಎಳುದಿಯೋ?” ಎಂದಳು. ನೀನೇನಾದರೂ ಬರೆದೆಯಾ ಎಂದು ಅರ್ಥ. ನನ್ನ ಬಾವಿಗಳ ಷರಾ ಕಾಲಂ ಒಂಬತ್ತು ವರ್ಷದಿಂದ ಖಾಲಿಯಿತ್ತು. ಓದುವುದನ್ನು ಮಾತ್ರ ನನ್ನ ಹಕ್ಕು ಎಂದುಕೊಂಡಿದ್ದೆ.

ಆ ವಾರ ನಮ್ಮಲ್ಲಿ ಅಳತೆಗೆ ಹೋಗುವವರೊಬ್ಬರು ರಜೆಯಲ್ಲಿದ್ದರು. ನಾನು ಹೋಗುತ್ತೇನೆ ಎಂದೆ. ಸಾಹೇಬರು ನನ್ನ ಸೀರೆಯನ್ನೂ ಚಪ್ಪಲಿಯನ್ನೂ ನೋಡಿ, “ಬಿಸಿಲಿದೆ” ಎಂದಷ್ಟೇ ಹೇಳಿದರು.

ಶ್ರೀಕಾರ್ಯಂನ ಒಂದು ಒಳದಾರಿಯಲ್ಲಿ ಆ ಮನೆ. ಬಿಂದು ಎಂಬ ಹೊಲಿಗೆಯ ಹೆಂಗಸಿನದು. ಜಗಲಿಯಲ್ಲೇ ಮಿಷನ್ನು, ಅರ್ಧ ಹೊಲಿದ ಶಾಲೆಯ ಸಮವಸ್ತ್ರಗಳನ್ನು ಬಿಟ್ಟು ಎದ್ದುಬಂದು ಬಾವಿ ತೋರಿಸಿದಳು. ನಾನು ಟೇಪಿಗೆ ಸೀಮೆಸುಣ್ಣ ಬಳಿದೆ, ಟೇಪಿಗಿಂತ ನನ್ನ ಸೆರಗಿಗೇ ಹೆಚ್ಚು ಹತ್ತಿತು. ಕಟ್ಟೆಗೆ ಎದೆಯೊತ್ತಿ ಬಗ್ಗಿದೆ. ಒಳಗಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಬಂತು. ಗೋಡೆಯ ಸುತ್ತ ಜರೀಗಿಡಗಳು ತಮ್ಮಷ್ಟಕ್ಕೆ ಅಲ್ಲಾಡುತ್ತಿದ್ದವು. ಬಹಳ ಕೆಳಗೆ ಒಂದು ಬಟ್ಟಲಷ್ಟು ಆಕಾಶ, ಅದರ ಅಂಚಿನಲ್ಲಿ ಬಗ್ಗಿ ನೋಡುತ್ತಿರುವ ಒಬ್ಬ ಹೆಂಗಸು. ಟೇಪು ಇಳಿಯಿತು, ಇಳಿಯಿತು. ಗುಳಕ್ ಎಂದು ಅತಿ ಸಣ್ಣ ಸದ್ದಾಗಿ ಆಕಾಶ ಒಡೆದು, ನಿಧಾನವಾಗಿ ಮತ್ತೆ ಕೂಡಿಕೊಂಡಿತು. ನಾನು ಟೇಪನ್ನು ಮೇಲೆಳೆಯುವುದನ್ನೇ ಮರೆತು ನಿಂತಿದ್ದೆ.

“ಕತ್ತರಿ ಕಾಣಿಸ್ತಾ?” ಬಿಂದು ಕೇಳಿದಳು.

ಎರಡು ವರ್ಷದ ಹಿಂದೆ ಅವಳ ಕತ್ತರಿ ಬಾವಿಗೆ ಬಿದ್ದಿತ್ತಂತೆ. ಹೊಲಿಗೆ ಕಲಿಸಿದ ಟೀಚರು ಕೊಟ್ಟದ್ದು. ಆಮೇಲೆ ತಂದ ಯಾವ ಕತ್ತರಿಯೂ ಕೈಗೆ ಹೊಂದುತ್ತಿಲ್ಲ. ಬೇಸಿಗೆಯಲ್ಲಿ ನೀರು ಇಳಿದು, ಬಾವಿಯೊಳಗೆ ಒಂದರ ಮೇಲೊಂದು ಇಳಿಸಿದ ಸಿಮೆಂಟಿನ ಬಳೆಗಳಲ್ಲಿ ಹನ್ನೊಂದನೆಯ ಬಳೆ ಕಂಡರೆ ತಳ ಕಾಣುತ್ತದೆ. ಎರಡು ಬೇಸಿಗೆ ಹೋದವು, ಹತ್ತನೆಯ ಬಳೆಗೇ ನಿಂತಿತು. “ನೀರು ಕಡಿಮೆ ಆಗ್ಲಿ ಅಂತ ಕೇಳ್ಕೊಳ್ಳೋ ಹಾಗೂ ಇಲ್ಲ ಮೇಡಂ,” ಎಂದಳು, “ಪಕ್ಕದ ಮೂರು ಮನೆಯವರು ಇಲ್ಲಿಂದಲೇ ಸೇದೋದು.” ಹಾಗಾಗಿ ದಿನಾ ಬೆಳಿಗ್ಗೆ ಬಂದು ಇಣುಕಿ, ನೀರಿರುವುದಕ್ಕೆ ಅರ್ಧ ಸಂತೋಷಪಟ್ಟು, ಕತ್ತರಿ ಕಾಣದಿರುವುದಕ್ಕೆ ಅರ್ಧ ಬೇಸರಪಟ್ಟು, ಒಳಗೆ ಹೋಗುತ್ತಾಳೆ.

ಕಚೇರಿಗೆ ಬಂದವಳೇ ಬರೆಯಲು ಕೂತೆ. ಜರೀಗಿಡ ಬರೆದೆ, ಗುಳಕ್ ಬರೆದೆ, ಕತ್ತರಿ ಬರೆದೆ, ಅದನ್ನು ಕೊಟ್ಟ ಟೀಚರನ್ನು ಬರೆದೆ. ಇಂಗ್ಲಿಷ್ ಅಕ್ಷರದಲ್ಲಿ ನನ್ನ ಹರುಕುಮುರುಕು ಮಲಯಾಳ, ಪದ ಸಿಗದ ಕಡೆ ಕನ್ನಡ. ಕಾಲಂ ಎಲ್ಲಿಯೂ ನನ್ನನ್ನು ತಡೆಯಲಿಲ್ಲ. ಮುಗಿಸಿ ಒಪ್ಪಿಸಿದೆ.

ಮರುದಿನ ಹನ್ನೊಂದಕ್ಕೆ ಫೋನ್ ಬಂತು.

“ಮೋಳೇ, ನಿನ್ನ ಮಲಯಾಳ ಓದಿ ನನ್ನ ಕನ್ನಡಕದ ನಂಬರ್ ಬದಲಾಯ್ತು,” ಎಂದರು ಲಿಸಿ ಚೇಚಿ. “ಆದ್ರೆ ಆ ಹೆಂಗಸಿನ ಕತ್ತರಿ ನೆನೆಸ್ಕೊಂಡು ನಂಗೆ ಬೆಳಿಗ್ಗೆಯಿಂದ ಸಮಾಧಾನ ಇಲ್ಲ. ಎಲ್ಲಾ ಚೆನ್ನಾಗಿ ಬರೆದಿದ್ದೀಯ. ಒಂದೇ ಒಂದು ಕೇಳಬೇಕಿತ್ತು.”

“ಕೇಳಿ ಚೇಚಿ.”

“ನೀರು ಎಷ್ಟಿತ್ತು?”

ಪರದೆ ನೋಡಿದೆ. ನೀರಿನ ಮಟ್ಟದ ಕಾಲಂ ಖಾಲಿಯಿತ್ತು. ಅಂಕಿಯನ್ನು ಪೆನ್ನಿನಲ್ಲಿ ಅಂಗೈ ಮೇಲೆ ಬರೆದುಕೊಂಡಿದ್ದೆ. ಬಿಂದು ಹಲಸಿನ ತೊಳೆ ಕೊಟ್ಟಿದ್ದಳು, ತಿಂದು ಕೈ ತೊಳೆದಿದ್ದೆ.

ಆ ಕಡೆ ಚೇಚಿ ನಗುತ್ತಿದ್ದರು. ಆ ದಪ್ಪ ನಗು ಫೋನಿನಲ್ಲಿ ಹಿಡಿಸದೆ ಹೊರಗೆ ಬರುತ್ತಿತ್ತು. ಪಕ್ಕದ ಮೇಜಿನವರು ತಿರುಗಿ ನೋಡಿದರು, ನಾನು ನಾಚಿಕೊಳ್ಳಲಿಲ್ಲ.

“ಹೋಗು, ಮತ್ತೆ ಹೋಗಿ ಅಳೆದು ಬಾ,” ಎಂದರು. “ಬಂದು ಫೋನ್ ಮಾಡು. ಅಂಕಿ ಕಂಪ್ಯೂಟರಿಗೆ ಹಾಕಿದ್ರೆ ಸಾಕು, ಅದು ನಂಗೆ ಕಾಣುತ್ತೆ. ಉಳಿದದ್ದು ಹೇಳು.”

ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಬಿಸಿಲಿತ್ತು.